ತೊಳೆದ ನೀರಿನಲ್ಲಿ ಚಿನ್ನ

(ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತು. ಬರೆದುಕೊಂಡಿದ್ದನ್ನು ಅಲ್ಲಲ್ಲಿ ತಿದ್ದಿ ಸಂಚಿಕೆಗೆ ಕೊಟ್ಟಿದ್ದೇನೆ.)



ಸಂಘದವರು ನನ್ನನ್ನು ಕರೆದಾಗ ‘ವಿದ್ಯೆಯ ಮಹತ್ವ’ ಅಂತ ಒಂದು ಅರ್ಧ ಗಂಟೆ ಮಾತಾಡಿ ಅಂದಿದ್ದರು. ಒಪ್ಪಿಕೊಂಡಿದ್ದೆ. ಆದರೆ ಹೋದ ತಿಂಗಳು ಒಂದು ವಿಷಯ ನಡೀತು. ನಮ್ಮ ಬೀದಿಯ ಇಬ್ಬರು ಹುಡುಗರು ಒಂದು ಗೋಣಿಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚೀಲದಲ್ಲಿ ಹಳೆ ಫೋನು, ಒಡೆದ ಕಂಪ್ಯೂಟರಿನ ಬೋರ್ಡು. ಇನ್ನೊಂದು ಕೈಯಲ್ಲಿ ಎರಡು ಬಾಟಲಿ ಆಸಿಡ್. ‘ಅಣ್ಣಾ, ನೀವು ಪ್ಲೇಟಿಂಗ್ ಕಂಪನಿಯಲ್ಲಿ ಇದ್ದವರು. ಇದರಲ್ಲಿ ಚಿನ್ನ ಇದೆಯಂತೆ. ಕೆರೆ ಹಿಂದೆ ಒಲೆ ಹೂಡಿ ಕುದಿಸಿದರೆ ಬರುತ್ತಾ?’ ಅಂತ ಕೇಳಿದರು. ಫೋನಲ್ಲಿ ವೀಡಿಯೊ ನೋಡಿ ಕಲಿತಿದ್ದರು.

ಆ ಬಾಟಲಿಗಳನ್ನು ನಾನು ಇಸ್ಕೊಂಡೆ. ಆದರೆ ‘ಬೇಡ’ ಅಂತ ಒಂದು ಮಾತಲ್ಲಿ ಹೇಳಿ ಕಳಿಸಿದರೆ ನಾಳೆ ಇನ್ನೊಬ್ಬರು ಕುದಿಸುತ್ತಾರೆ. ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ಚಿನ್ನ ಇರುವುದು ನಿಜ. ಅದನ್ನು ತೆಗೆಯುವ ವಿದ್ಯೆ ಇರುವುದೂ ನಿಜ. ಅದಕ್ಕೆ ಇವತ್ತು ವಿದ್ಯೆಯ ಮಹತ್ವವನ್ನು ಈ ಒಂದು ವಿದ್ಯೆಯ ಮೂಲಕವೇ ಹೇಳ್ತೀನಿ: ಕಾರ್ಖಾನೆಯಲ್ಲಿ ತೊಳೆದು ಚೆಲ್ಲುವ ನೀರಿನಿಂದ ಕರೆಂಟು ಕೊಟ್ಟು ಚಿನ್ನ, ಬೆಳ್ಳಿ ಹೇಗೆ ಹಿಡಿಯುತ್ತಾರೆ, ಅದಕ್ಕೂ ನಮಗೂ ಏನು ಸಂಬಂಧ.

ಮೊದಲು ನನ್ನ ಕತೆ ಸ್ವಲ್ಪ. ನಾನು ಹತ್ತನೇ ಕ್ಲಾಸು ಮುಗಿಸಿ ಹೊಸೂರಿನ ಕೈಗಾರಿಕಾ ಬಡಾವಣೆಯಲ್ಲಿ ಒಂದು ಪ್ಲೇಟಿಂಗ್ ಶೆಡ್ಡಿಗೆ ಕಾಂಟ್ರಾಕ್ಟ್ ಕೂಲಿಯಾಗಿ ಸೇರಿದೆ. ಹೆಸರು ಬೇಡ. ಅಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಸಣ್ಣ ಸಣ್ಣ ಪಿನ್ನುಗಳಿಗೆ ಚಿನ್ನ, ಬೆಳ್ಳಿ ಲೇಪ ಹಾಕುತ್ತಿದ್ದರು. ಲೇಪ ಹಾಕುವ ತೊಟ್ಟಿಯ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ನಮ್ಮ ಕೆಲಸ ತೊಳೆಯುವುದು. ತೊಟ್ಟಿ ತೊಳೆಯೋದು, ನೆಲ ತೊಳೆಯೋದು, ಚರಂಡಿ ಬಳಿಯೋದು. ಆ ಕೆಲಸಕ್ಕೆ ಯಾರನ್ನು ತಗೋತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ದಿನಾ ಸಂಜೆ ಗೇಟಲ್ಲಿ ನಮ್ಮನ್ನು ತಡಕುತ್ತಿದ್ದರು. ಚಪ್ಪಲಿ ಬಿಚ್ಚಿಸೋರು, ಬುತ್ತಿಡಬ್ಬಿ ತೆಗೆಸೋರು, ಉಗುರು ನೋಡೋರು. ಚಿನ್ನ ಕದ್ದುಬಿಡುತ್ತೀವಿ ಅಂತ. ಅದೇ ಹೊತ್ತಿನಲ್ಲಿ ಒಳಗೆ ತೊಳೆದ ನೀರು ಪೈಪಿನಲ್ಲಿ ಹಿಂದಿನ ತೊಟ್ಟಿಗೆ ಹೋಗುತ್ತಿತ್ತು. ಆ ನೀರಲ್ಲಿ ಎಷ್ಟು ಚಿನ್ನ ಹೋಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ರಾತ್ರಿ ಕ್ಲಾಸಿನಲ್ಲಿ ಡಿಪ್ಲೊಮ ಓದುವಾಗ.

ಹೇಗೆ ಹೋಗುತ್ತದೆ ಅಂತ ಕೇಳಿ. ಎಣ್ಣೆ ಬಾಣಲೆಯಿಂದ ವಡೆ ತೆಗೆದರೆ ವಡೆ ಜೊತೆ ಸ್ವಲ್ಪ ಎಣ್ಣೆಯೂ ಮೇಲೆ ಬರುತ್ತೆ ಅಲ್ವಾ? ಹಾಗೇ, ಚಿನ್ನದ ದ್ರಾವಣದಿಂದ ಪಿನ್ನುಗಳನ್ನು ಎತ್ತಿದಾಗ ಅವುಗಳ ಮೈಗೆ ಅಂಟಿಕೊಂಡು ಸ್ವಲ್ಪ ದ್ರಾವಣವೂ ಎದ್ದು ಬರುತ್ತದೆ. ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಾರೆ. ಒಂದು ಸಲಕ್ಕೆ ಹನಿಯಷ್ಟೇ. ಆದರೆ ದಿನಕ್ಕೆ ನೂರಾರು ಸಲ ಅದ್ದುತ್ತಾರೆ. ಹೀಗೆ ಮೊದಲ ತೊಳೆ ತೊಟ್ಟಿಯಲ್ಲಿ ಚಿನ್ನ ಸೇರುತ್ತಾ ಹೋಗುತ್ತದೆ. ಆ ತೊಟ್ಟಿಯಲ್ಲಿ 200 ಲೀಟರ್ ನೀರು ಇದೆ ಅನ್ನಿ, ಲೀಟರಿಗೆ 50 ಮಿಲಿಗ್ರಾಂ ಚಿನ್ನ ಸೇರಿದೆ ಅನ್ನಿ. ಕಣ್ಣಿಗೆ ಬರೀ ನೀರು. ಲೆಕ್ಕ ಹಾಕಿದರೆ 10 ಗ್ರಾಂ. ಇವತ್ತಿನ ದರ ನೀವೇ ಹಾಕಿಕೊಳ್ಳಿ. ಮದುವೆ ಮಾಡಿದ ಮನೆಯವರಿಗೆ 10 ಗ್ರಾಂ ಅಂದ್ರೆ ಏನು ಅಂತ ಗೊತ್ತು.

ಈಗ ಕರೆಂಟಿನ ವಿಷಯ. ಮುಂದೆ ಕೂತಿರುವ ಮಕ್ಕಳು ಈ ಲೋಟ ನೋಡಿ. ಇದರಲ್ಲಿರುವ ನೀಲಿ ನೀರು ಬೇರೆ ಏನೂ ಅಲ್ಲ, ಗಿಡಕ್ಕೆ ಹೊಡೆಯುವ ಮೈಲುತುತ್ತ ಕರಗಿಸಿದ್ದು. ಮೈಲುತುತ್ತದಲ್ಲಿ ತಾಮ್ರ ಇದೆ. ಎರಡು ಪೆನ್ಸಿಲನ್ನು ಎರಡೂ ಕಡೆ ಹೆರೆದು ನೀರಲ್ಲಿ ಇಳಿಬಿಟ್ಟಿದ್ದೀನಿ. ಮೇಲಿನ ತುದಿಗೆ ಒಂಬತ್ತು ವೋಲ್ಟಿನ ಬ್ಯಾಟರಿ ತಂತಿ ಸಿಕ್ಕಿಸಿದ್ದೀನಿ. ನಾನು ಮಾತು ಶುರು ಮಾಡುವ ಮೊದಲೇ ಇಟ್ಟೆ. ಈಗ ಎತ್ತುತ್ತೀನಿ. ಒಂದು ಪೆನ್ಸಿಲಿನ ತುದಿ ಕರೀದು ಹಾಗೇ ಇದೆ, ಅದರ ಹತ್ತಿರ ಗುಳ್ಳೆ ಏಳುತ್ತಿತ್ತು. ಇನ್ನೊಂದರ ತುದಿ ಕೆಂಪಗಾಗಿದೆ. ಅದು ತಾಮ್ರ. ನೀರೊಳಗೆ ಕಾಣದ ಹಾಗೆ ಇದ್ದದ್ದು ಈಗ ಪೆನ್ಸಿಲ್ ಮೇಲೆ ಬಂದು ಕೂತಿದೆ.

ನೀರಿನಲ್ಲಿ ಕರಗಿರುವ ತಾಮ್ರಕ್ಕೆ ಎರಡು ಎಲೆಕ್ಟ್ರಾನ್ ಕಡಿಮೆ ಇರುತ್ತದೆ. ಸಾಲ ಇರುವ ಮನುಷ್ಯನ ಹಾಗೆ ಅಂತ ತಿಳ್ಕೊಳ್ಳಿ. ಬ್ಯಾಟರಿಯ ಮೈನಸ್ ಕಡೆಯ ಕಡ್ಡಿ ಎಲೆಕ್ಟ್ರಾನ್ ಕೊಡುತ್ತದೆ. ತಾಮ್ರ ಅಲ್ಲಿಗೆ ಬಂದು ಎರಡು ಎಲೆಕ್ಟ್ರಾನ್ ತಗೊಂಡು, ಸಾಲ ತೀರಿಸಿಕೊಂಡು, ಗಟ್ಟಿ ಲೋಹವಾಗಿ ಅಲ್ಲೇ ಕೂತುಬಿಡುತ್ತದೆ. ಆ ಕಡ್ಡಿಗೆ ಕ್ಯಾಥೋಡ್ ಅಂತಾರೆ. ಪ್ಲಸ್ ಕಡೆಯದಕ್ಕೆ ಆನೋಡ್. ಇಷ್ಟೇ ಮೂಲ. ಚಿನ್ನ, ಬೆಳ್ಳಿಗೂ ಇದೇ. (ಈ ಪ್ರಯೋಗ ಮಕ್ಕಳು ಮಾಡಬಹುದು, ಆದರೆ ದೊಡ್ಡವರು ಜೊತೆಗಿರಬೇಕು. ಮೈಲುತುತ್ತ ವಿಷ. ಕುಡಿಯುವ ಲೋಟ ಬಳಸಬೇಡಿ, ಕೈ ತೊಳೀರಿ.)

ಇದರ ಲೆಕ್ಕವನ್ನು ಕಂಡುಹಿಡಿದವನ ಬಗ್ಗೆ ಎರಡು ಮಾತು ಹೇಳಲೇಬೇಕು. ಮೈಕೆಲ್ ಫ್ಯಾರಡೆ. 1791ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಅಪ್ಪ ಕಮ್ಮಾರ. ಮನೆಯಲ್ಲಿ ಬಡತನ, ಶಾಲೆ ಕಂಡಿದ್ದು ಅಲ್ಪಸ್ವಲ್ಪ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಕೆಲಸಕ್ಕೆ ಸೇರಿಸಿದರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತ. 1812ರಲ್ಲಿ ಹಂಫ್ರಿ ಡೇವಿ ಅನ್ನುವ ದೊಡ್ಡ ವಿಜ್ಞಾನಿಯ ಭಾಷಣಕ್ಕೆ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಡಿಸಿದರು. ಫ್ಯಾರಡೆ ಕೇಳಿದ್ದನ್ನೆಲ್ಲಾ ಬರೆದು, ಚಿತ್ರ ಹಾಕಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಡೇವಿ ಜೊತೆ ಯೂರೋಪು ಸುತ್ತಲು ಹೋದಾಗ ಡೇವಿಯ ಹೆಂಡತಿ ಅವನನ್ನು ಆಳಿನ ಹಾಗೆ ನಡೆಸಿಕೊಂಡರು. ಅವನು ಬಿಟ್ಟು ಓಡಿಬರಲಿಲ್ಲ. 1833-34ರ ಹೊತ್ತಿಗೆ ಅವನು ಕೊಟ್ಟ ನಿಯಮಗಳನ್ನೇ ಇವತ್ತಿಗೂ ಎಲ್ಲ ಪ್ಲೇಟಿಂಗ್ ಕಾರ್ಖಾನೆಗಳೂ ಬಳಸುವುದು. ಎಷ್ಟು ಕರೆಂಟು ಹರಿಸಿದರೆ ಎಷ್ಟು ಲೋಹ ಕೂರುತ್ತದೆ ಅಂತ ಮೊದಲೇ ಹೇಳಬಹುದು.

ಒಂದು ಆಂಪಿಯರ್ ಕರೆಂಟನ್ನು ಒಂದು ಗಂಟೆ ಹರಿಸಿದರೆ, ಒಂದು ಚೂರೂ ವ್ಯರ್ಥ ಆಗದಿದ್ದರೆ, ತಾಮ್ರ ಸುಮಾರು 1.19 ಗ್ರಾಂ ಕೂರುತ್ತದೆ. ಬೆಳ್ಳಿ 4.02 ಗ್ರಾಂ. ಸಯನೈಡಿನಲ್ಲಿ ಕರಗಿಸಿದ ಚಿನ್ನ 7.35 ಗ್ರಾಂ. ತಾಮ್ರದ ಒಂದೊಂದು ಕಣಕ್ಕೆ ಎರಡು ಎಲೆಕ್ಟ್ರಾನ್ ಬೇಕು, ಆ ಚಿನ್ನಕ್ಕೆ ಒಂದೇ ಸಾಕು. ಮೇಲಾಗಿ ಚಿನ್ನದ ಕಣ ತೂಕ ಜಾಸ್ತಿ. ಅದಕ್ಕೆ ಈ ವ್ಯತ್ಯಾಸ.

ಈಗ ನಮ್ಮ 200 ಲೀಟರಿನ 10 ಗ್ರಾಂ ಚಿನ್ನಕ್ಕೆ ಬನ್ನಿ. ಲೆಕ್ಕದ ಪ್ರಕಾರ ಒಂದೂವರೆ ಆಂಪಿಯರ್-ಗಂಟೆಗಿಂತ ಕಡಿಮೆ ಸಾಕು. ತೆಳು ನೀರಿನಲ್ಲಿ ಕರೆಂಟು ತುಂಬಾ ವ್ಯರ್ಥ ಆಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ವ್ಯರ್ಥ ಆಯಿತು ಅಂತಲೇ ಇಟ್ಕೊಳ್ಳಿ. ಆದರೂ ನಾಲ್ಕು ವೋಲ್ಟಿನಲ್ಲಿ ಲೆಕ್ಕ ಹಾಕಿದರೆ, ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಒಂದು ಗಂಟೆ ತಿರುಗುವಷ್ಟು ಕರೆಂಟೂ ಖರ್ಚಾಗುವುದಿಲ್ಲ. ನೀರು ತಿರುಗಿಸುವ ಪಂಪಿಗೇ ಅದಕ್ಕಿಂತ ಜಾಸ್ತಿ ಬೇಕು. ಇದನ್ನು ಮೊದಲ ಸಲ ನೋಟ್ ಪುಸ್ತಕದಲ್ಲಿ ಬಿಡಿಸಿದಾಗ ನಾನು ಎರಡು ಸಲ ತಿದ್ದಿ ನೋಡಿದೆ, ತಪ್ಪು ಮಾಡಿದ್ದೀನೇನೋ ಅಂತ.

ಹಾಗಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಕಷ್ಟ ಇರುವುದು ಕರೆಂಟಿನಲ್ಲಿ ಅಲ್ಲ, ತೆಳು ನೀರಿನಲ್ಲಿ. ರೇಷನ್ ಅಂಗಡಿ ಮುಂದೆ ನೂರು ಜನ ನಿಂತಿದ್ದರೆ ಕೌಂಟರಿನವನಿಗೆ ಪುರಸೊತ್ತಿಲ್ಲದ ಕೆಲಸ. ಗಂಟೆಗೊಬ್ಬರು ಬಂದರೆ ಅವನು ಸುಮ್ಮನೆ ಕೂತಿರಬೇಕು. ತೊಳೆದ ನೀರಿನಲ್ಲಿ ಚಿನ್ನದ ಕಣಗಳು ಹಾಗೆ ಎಲ್ಲೋ ಒಂದೊಂದು ಇರುತ್ತವೆ. ಕ್ಯಾಥೋಡಿನ ಪಕ್ಕದ ಕಣ ಕೂತ ಮೇಲೆ ಮುಂದಿನದು ಅಲ್ಲಿಗೆ ಬಂದು ತಲುಪಬೇಕಲ್ಲ? ಅವಸರಕ್ಕೆ ಕರೆಂಟು ಜಾಸ್ತಿ ಮಾಡಿದರೆ ಚಿನ್ನ ಬೇಗ ಬರುವುದಿಲ್ಲ. ಕರೆಂಟು ನೀರನ್ನೇ ಒಡೆದು ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತದೆ. ಹೈಡ್ರೋಜನ್ ಬೆಂಕಿಗೆ ಹತ್ತಿಕೊಳ್ಳುವ ಗಾಳಿ. ಅದಕ್ಕೆ ಅಲ್ಲಿ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು.

ಇದಕ್ಕೆ ಎರಡು ಉಪಾಯ. ಒಂದು, ನೀರನ್ನು ಜೋರಾಗಿ ತಿರುಗಿಸುತ್ತಾ ಇರುವುದು, ಇಲ್ಲಾ ಕ್ಯಾಥೋಡನ್ನೇ ಸುತ್ತಿಸುವುದು. ಎರಡು, ಕೌಂಟರುಗಳನ್ನು ಜಾಸ್ತಿ ಮಾಡುವುದು. ಚಪ್ಪಟೆ ತಗಡಿನ ಬದಲು ಪಾತ್ರೆ ಉಜ್ಜುವ ಉಕ್ಕಿನ ನಾರಿನಂಥದ್ದು, ಕಾರ್ಬನ್ನಿನ ಕಂಬಳಿಯಂಥದ್ದು ಬಳಸುತ್ತಾರೆ. ಕೈಯಷ್ಟು ಅಗಲದ ತುಂಡಿನೊಳಗೆ ಎಷ್ಟೋ ಚದರಡಿ ಮೈ ಅಡಗಿರುತ್ತದೆ. ನೀರು ಅದರೊಳಗಿಂದ ಹಾದು ಹೋಗುವಾಗ ಯಾವ ಕಡೆ ತಿರುಗಿದರೂ ಕ್ಯಾಥೋಡೇ ಸಿಗುತ್ತದೆ. ಹೀಗೆ ಲೀಟರಿಗೆ ಕೆಲವೇ ಮಿಲಿಗ್ರಾಂವರೆಗೂ ಇಳಿಸಬಹುದು. ಅದಕ್ಕೂ ಕೆಳಗಿನದನ್ನು ಹಿಡಿಯಲು ರೆಸಿನ್ ಕಾಳುಗಳ ಮೂಲಕ ನೀರು ಹಾಯಿಸುತ್ತಾರೆ.

ಬೆಳ್ಳಿಯ ಉದಾಹರಣೆ ನಮ್ಮ ಹತ್ತಿರದಲ್ಲೇ ಇತ್ತು. ಹಿಂದೆ ಎಕ್ಸ್‌ರೇ ಫಿಲ್ಮು, ಸ್ಟುಡಿಯೋ ಫೋಟೋ ತೊಳೆಯುವ ಫಿಕ್ಸರ್ ನೀರಿನಲ್ಲಿ ಲೀಟರಿಗೆ ಕೆಲವು ಗ್ರಾಂ ಬೆಳ್ಳಿ ಇರುತ್ತಿತ್ತು. ಅದನ್ನು ಕೊಳ್ಳಲು ಆಸ್ಪತ್ರೆಗೆ, ಸ್ಟುಡಿಯೋಗೆ ಕ್ಯಾನು ಹಿಡಿದು ಜನ ಬರುತ್ತಿದ್ದರು. ಕರೆಂಟಿನಲ್ಲಿ ಆ ಬೆಳ್ಳಿಯನ್ನು ಬಿಳಿ ಹಾಳೆಯ ಹಾಗೆ ಬಿಡಿಸಿಕೊಳ್ಳಬಹುದು. ಅಲ್ಲೂ ಆಸೆಗೆ ಕರೆಂಟು ಜಾಸ್ತಿ ಕೊಟ್ಟರೆ ಫಿಕ್ಸರೇ ಒಡೆದು ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಬೆಳ್ಳಿ ಹೋಗಿ ಬೆಳ್ಳಿಯ ಸಲ್ಫೈಡ್ ಮಸಿ ಸಿಗುತ್ತದೆ. ಈಗ ಎಕ್ಸ್‌ರೇ ಎಲ್ಲಾ ಕಂಪ್ಯೂಟರಿಗೆ ಬಂದ ಮೇಲೆ ಆ ಕಸುಬು ಕಡಿಮೆಯಾಯಿತು.

ಇಷ್ಟು ಒಳ್ಳೇ ಭಾಗ. ಈಗ ಕೆಟ್ಟ ಭಾಗ ಹೇಳಬೇಕು.

ಚಿನ್ನ, ಬೆಳ್ಳಿ ಸುಮ್ಮನೆ ನೀರಲ್ಲಿ ಕರಗಿ ನಿಲ್ಲುವ ಲೋಹಗಳಲ್ಲ. ಪ್ಲೇಟಿಂಗಿನಲ್ಲಿ ಹೆಚ್ಚಾಗಿ ಸಯನೈಡ್ ಉಪ್ಪು ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಯನೈಡ್ ಇರುವ ನೀರಿಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಯನೈಡ್ ಅನ್ನುವ ವಿಷಗಾಳಿ ಏಳುತ್ತದೆ. ಅದಕ್ಕೆ ಹೊಗೆ ಇಲ್ಲ, ಬಣ್ಣ ಇಲ್ಲ. ಕಹಿ ಬಾದಾಮಿ ವಾಸನೆ ಅಂತಾರೆ, ಆದರೆ ಆ ವಾಸನೆ ಎಷ್ಟೋ ಜನರ ಮೂಗಿಗೆ ತಿಳಿಯುವುದೇ ಇಲ್ಲ.

ನಮ್ಮ ಶೆಡ್ಡಿನಲ್ಲಿ ನನ್ನ ಜೊತೆ ತೊಳೆಯುವ ಕೆಲಸಕ್ಕೆ ಪಕ್ಕದೂರಿನ ಒಬ್ಬರು ಹಿರಿಯರಿದ್ದರು. ನನಗೆ ಕೆಲಸ ಹೇಳಿಕೊಟ್ಟವರು. ಹಿಂದುಗಡೆ ನೀಲಿ ಡ್ರಮ್ಮುಗಳ ಸಾಲು ಇತ್ತು. ಡ್ರಮ್ಮಿನ ಮೇಲೆ ನಂಬರ್ ಮಾತ್ರ, ಒಳಗೆ ಏನಿದೆ ಅಂತ ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಒಂದು ದಿನ ಸೂಪರ್‌ವೈಸರ್ ‘ಎಲ್ಲಾ ಒಂದೇ ಡ್ರಮ್ಮಿಗೆ ಸುರಿದು ಜಾಗ ಖಾಲಿ ಮಾಡಿ’ ಅಂದ. ಬೆಳ್ಳಿ ತೊಳೆದ ನೀರಿದ್ದ ಡ್ರಮ್ಮಿಗೆ ಅವರು ಆಸಿಡ್ ತೊಳೆದ ನೀರು ಸುರಿದರು. ಬಕೆಟ್ ತುಂಬಿ ಎತ್ತಿಕೊಟ್ಟವನು ನಾನೇ. ಎರಡನೇ ಬಕೆಟ್ಟಿಗೆ ಅವರು ಡ್ರಮ್ಮಿನ ಅಂಚು ಹಿಡಿದುಕೊಂಡು ಕೂತುಬಿಟ್ಟರು. ನನಗೂ ತಲೆ ಗಿರ್ರಂತು. ಬಾಗಿಲ ಹತ್ತಿರ ಇದ್ದುದರಿಂದ ನಾನು ಉಳಿದೆ. ಆಮೇಲೆ ಅವರನ್ನು ಹೊರಗೆ ಎಳೆದರು.

ಆಸ್ಪತ್ರೆಗೆ ಕರೆದುಕೊಂಡು ಹೋದವರು ‘ಬಿಸಿಲಿಗೆ ತಲೆ ಸುತ್ತಿತು’ ಅಂತ ಬರೆಸಿದರು. ಸಯನೈಡ್ ಅಂತ ಡಾಕ್ಟರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅದಕ್ಕೆ ಬೇರೆ ಮದ್ದು ಇದೆ. ನನಗೆ ಆಗ ಆ ಮಾತೇ ಗೊತ್ತಿರಲಿಲ್ಲ, ಗೊತ್ತಿದ್ದರೆ ನಾನಾದರೂ ಹೇಳುತ್ತಿದ್ದೆ. ಅವರು ಬದುಕಿದರು. ಆದರೆ ಕೈ ನಡುಕ ಬಂತು, ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡು ತಿಂಗಳ ಕೂಲಿ ಕೊಟ್ಟು ಕಳಿಸಿದರು. ಈಗ ಅವರಿಲ್ಲ. ನಾನು ರಾತ್ರಿ ಕ್ಲಾಸಿಗೆ ಸೇರಿದ್ದು ಮುಂದೆ ಬರಬೇಕು ಅಂತಲ್ಲ. ಆ ಡ್ರಮ್ಮಿನಲ್ಲಿ ಏನಿತ್ತು ಅಂತ ತಿಳಿಯಬೇಕಾಗಿತ್ತು.

ಕಲಿತ ಮೇಲೆ ಇನ್ನೊಂದು ವಿಷಯ ತಿಳಿಯಿತು. ಸರಿಯಾಗಿ ಕಟ್ಟಿದ ಕೋಶದಲ್ಲಿ ಕ್ಯಾಥೋಡಿನ ಮೇಲೆ ಬೆಳ್ಳಿ ಕೂರುವಾಗಲೇ ಆನೋಡಿನ ಹತ್ತಿರ ಸಯನೈಡ್ ಒಂದಿಷ್ಟು ಒಡೆದು ಸಯನೇಟ್ ಆಗುತ್ತದೆ. ಅದು ಸಯನೈಡಿಗಿಂತ ಎಷ್ಟೋ ಕಡಿಮೆ ವಿಷ. ಒಂದೇ ಕರೆಂಟು ಲೋಹವನ್ನೂ ಹಿಡಿಯುತ್ತದೆ, ವಿಷವನ್ನೂ ತಗ್ಗಿಸುತ್ತದೆ. ಉಳಿದ ಸಯನೈಡನ್ನು ನೀರು ಕ್ಷಾರದಲ್ಲಿರುವಾಗಲೇ ಬೇರೆ ವಿಧಾನದಿಂದ ನಾಶ ಮಾಡಬೇಕು, ಅದು ಬಿಡುವ ಹಾಗಿಲ್ಲ. ತೊಳೆ ತೊಟ್ಟಿಯ ಪಕ್ಕದಲ್ಲೇ ಅಂಥ ಒಂದು ಕೋಶ ಇದ್ದಿದ್ದರೆ ನಮ್ಮ ಹಿಂದುಗಡೆ ಅಷ್ಟು ಡ್ರಮ್ಮು ಸೇರುತ್ತಿರಲಿಲ್ಲ. ಕೆಸರೂ ಕಡಿಮೆ ಆಗುತ್ತಿತ್ತು, ಕೆಸರು ಬಳಿಯಲು ತೊಟ್ಟಿಗೆ ಇಳಿಯುವ ಸಲವೂ ಕಡಿಮೆ ಆಗುತ್ತಿತ್ತು. ಚಿನ್ನ ಉಳಿಯುವುದು ಮಾಲೀಕನಿಗೆ. ಆದರೆ ತೊಳೆಯುವವನ ಉಸಿರೂ ಅದರ ಜೊತೆಗೇ ಉಳಿಯುತ್ತದೆ. ಅದಕ್ಕೇ ಈ ವಿದ್ಯೆ ನಮ್ಮದೂ ಹೌದು ಅಂತ ನಾನು ಹೇಳುವುದು.

ಈಗ ಆ ಹುಡುಗರ ಆಸಿಡ್ ಬಾಟಲಿಗೆ ಬರ್ತೀನಿ. ವೀಡಿಯೊದಲ್ಲಿ ತೋರಿಸುವುದು ನೈಟ್ರಿಕ್ ಆಸಿಡ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ ಬೋರ್ಡು ಕುದಿಸುವುದು. ಚಿನ್ನ ಕರಗುತ್ತದೆ, ಸುಳ್ಳಲ್ಲ. ಜೊತೆಗೆ ಕಂದು ಹೊಗೆ ಏಳುತ್ತದೆ. ಅದನ್ನು ಕುಡಿದ ದಿನ ಸಂಜೆ ಬರೀ ಕೆಮ್ಮು. ರಾತ್ರಿ ಮಲಗಿದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ‘ಸಂಜೆ ಚೆನ್ನಾಗಿದ್ದ’ ಅಂತ ಹೇಳುವ ಸಾವು ಅದು. ಬೋರ್ಡು ಸುಟ್ಟರೆ ಸೀಸದ ಹೊಗೆ, ಪ್ಲಾಸ್ಟಿಕ್ಕಿನ ವಿಷ. ಮಿಕ್ಕ ಆಸಿಡ್ ಚೆಲ್ಲುವುದು ಎಲ್ಲಿ? ನಮ್ಮ ಕೆರೆಗೆ, ನಮ್ಮ ಬೋರ್‌ವೆಲ್ಲಿನ ಪಕ್ಕಕ್ಕೆ.

ಇಷ್ಟಕ್ಕೂ ಸಿಗುವುದೆಷ್ಟು? ಒಂದು ಫೋನಿನಲ್ಲಿ ಚಿನ್ನ ಸುಮಾರು 30 ಮಿಲಿಗ್ರಾಂ. ಒಂದು ಗ್ರಾಂ ಬೇಕಾದರೆ ಮೂವತ್ತಕ್ಕೂ ಮೇಲೆ ಫೋನು ಬೇಕು, ಅದೂ ಒಂದು ಚೂರೂ ಕಳೆಯದೆ ತೆಗೆದರೆ. ಕೆರೆ ಹಿಂದಿನ ಒಲೆಯಲ್ಲಿ ಎಷ್ಟೋ ಪಾಲು ಬೂದಿಯಲ್ಲಿ, ಚೆಲ್ಲಿದ ನೀರಿನಲ್ಲಿ ಹೋಗಿಬಿಡುತ್ತದೆ. ದೊಡ್ಡ ಕಾರ್ಖಾನೆಗೆ ಲಾಭ ಇದೆ, ಯಾಕಂದ್ರೆ ಟನ್ನುಗಟ್ಟಲೆ ಬೋರ್ಡು ಸೇರಿಸುತ್ತಾರೆ. ಒಂದು ಟನ್ ಬೋರ್ಡಿನಲ್ಲಿ ನೂರು ಗ್ರಾಂಗೂ ಮೇಲೆ ಚಿನ್ನ ಸಿಗಬಹುದು. ಕೋಲಾರದ ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಬರುತ್ತಿತ್ತು.

ಕೋಲಾರದ ಗಣಿ ನಮಗೆ ದೂರದ ಮಾತಲ್ಲ. ಕೆಜಿಎಫ್‌ಗೆ ದುಡಿಯಲು ಹೋದವರಲ್ಲಿ ಬಹಳ ಮಂದಿ ನಮ್ಮ ಜನ. ಮೂರು ಕಿಲೋಮೀಟರಿಗೂ ಆಳ ಇಳಿದು ಕಲ್ಲು ಒಡೆದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಮೊದಲು ಹೋಗಿದ್ದು ಆ ಗಣಿಗೆ, ಆ ಜನರ ಗುಡಿಸಲಿಗಲ್ಲ. ಪುಡಿ ಮಾಡಿದ ಕಲ್ಲಿನಿಂದ ಚಿನ್ನ ತೆಗೆದಿದ್ದೂ ಸಯನೈಡಿನಲ್ಲೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು. ಸಯನೈಡ್ ದಿಬ್ಬಗಳು ಅಲ್ಲೇ ಉಳಿದವು, ಗಾಳಿ ಬೀಸಿದರೆ ಧೂಳು ಇವತ್ತಿಗೂ ಮನೆಯೊಳಗೆ ಬರುತ್ತದೆ. ಅದೇ ಕತೆ ನಮ್ಮ ಕೆರೆ ಹಿಂದೆ ಚಿಕ್ಕದಾಗಿ ಮತ್ತೆ ನಡೆಯಬಾರದು.

ನೀರಿನ ವಿಷಯದಲ್ಲಿ ನಮಗೆ ಪಾಠ ಬೇರೆ ಯಾರೂ ಹೇಳಬೇಕಾಗಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದಲ್ಲಿ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿದರು. ಆ ದಿನ ಕೇಳಿದ್ದು ನೀರು ಮುಟ್ಟುವ ಹಕ್ಕು. ಇವತ್ತು ನಮಗೆ ನೀರು ಮುಟ್ಟಬೇಡಿ ಅನ್ನುವವರು ಕಡಿಮೆ. ಬೇರೆ ಯಾರೂ ಮುಟ್ಟದ ನೀರನ್ನು ಮುಟ್ಟಲು ನಮ್ಮನ್ನೇ ಕರೆಯುತ್ತಾರೆ. ಆಗ ‘ಇದರಲ್ಲಿ ಏನಿದೆ?’ ಅಂತ ಕೇಳುವುದೂ ಹಕ್ಕೇ.

ಹಾಗಾಗಿ ಕಾರ್ಖಾನೆಗೆ ಹೋಗುವ ತಮ್ಮಂದಿರು ತಂಗಿಯರು ನಾಲ್ಕು ವಿಷಯ ನೆನಪಿಟ್ಟುಕೊಳ್ಳಿ.

ಒಂದು. ಡ್ರಮ್ಮಿನ ಮೇಲೆ ಹೆಸರಿಲ್ಲದಿದ್ದರೆ ಮುಟ್ಟಬೇಡಿ, ಬೆರೆಸಬೇಡಿ. ಕೇಳಿ. ಸಯನೈಡ್ ಮತ್ತು ಆಸಿಡ್ ಒಂದೇ ಪೈಪಿಗೆ, ಒಂದೇ ಬಕೆಟ್ಟಿಗೆ ಯಾವತ್ತೂ ಬರಬಾರದು.

ಎರಡು. ತೊಟ್ಟಿಗೆ ಇಳಿ ಅಂದರೆ ಸುಮ್ಮನೆ ಇಳಿಯಬೇಡಿ. ವಿಷಗಾಳಿ ಇರಬಹುದಾದ ಜಾಗಕ್ಕೆ ಗಾಳಿ ಪರೀಕ್ಷೆ ಮಾಡಿ ಬರೆದುಕೊಟ್ಟ ಮೇಲೆ ಇಳಿಸಬೇಕು, ಇಲ್ಲಾ ಉಸಿರಿನ ಉಪಕರಣ, ಬೆಲ್ಟು, ಹಗ್ಗ ಕೊಟ್ಟು, ಹಗ್ಗದ ಇನ್ನೊಂದು ತುದಿ ಹಿಡಿಯಲು ಹೊರಗೆ ಒಬ್ಬರನ್ನು ನಿಲ್ಲಿಸಿ ಇಳಿಸಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೇ 36ನೇ ಕಲಮಿನಲ್ಲಿ ಇದನ್ನು ಬರೆದರು, ಹೊಸದಾಗಿ ಕೇಳುತ್ತಿರುವುದಲ್ಲ. ಸುರಕ್ಷತಾ ಉಪಕರಣ ಕೊಡದೆ ಊರಿನ ಒಳಚರಂಡಿಗೆ ಇಳಿಸುವುದಂತೂ 2013ರ ಕಾಯ್ದೆಯಲ್ಲಿ ಅಪರಾಧ. ಅಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಆದರೆ ದುಡ್ಡಿನ ಲೆಕ್ಕಕ್ಕಿಂತ ಮೊದಲು ಇಳಿಯದೇ ಇರುವ ಲೆಕ್ಕ.

ಮೂರು. ಯಾರಾದರೂ ಬಿದ್ದರೆ ಉಸಿರು ಬಿಗಿ ಹಿಡಿದು ಒಳಗೆ ನುಗ್ಗಬೇಡಿ. ಒಬ್ಬರನ್ನು ಎತ್ತಲು ಹೋಗಿ ಮೂವರು ಸಾಯುವುದನ್ನು ಪೇಪರಿನಲ್ಲಿ ಓದುತ್ತೀವಿ. ಹೊರಗಿನಿಂದ ಗಾಳಿ, ಹಗ್ಗ, ಕೂಗು. ಆಸ್ಪತ್ರೆಯಲ್ಲಿ ಯಾವ ರಾಸಾಯನಿಕ ಅಂತ ಡಾಕ್ಟರಿಗೆ ನೀವೇ ಹೇಳಿ, ಬೇರೆಯವರು ಹೇಳುತ್ತಾರೆ ಅಂತ ಕಾಯಬೇಡಿ.

ನಾಲ್ಕು. ತೊಳೆಯುವ ಕೆಲಸದಲ್ಲೇ ನಿಲ್ಲಬೇಡಿ. ಅದೇ ಕಾರ್ಖಾನೆಯಲ್ಲಿ ಲ್ಯಾಬ್ ಇದೆ, ನೀರು ಶುದ್ಧ ಮಾಡುವ ಘಟಕ ಇದೆ, ಲೋಹ ಹಿಡಿಯುವ ಕೋಶ ಇದೆ. ಅಲ್ಲಿ ಮೀಟರ್ ನೋಡಿ ಪಿಎಚ್ ಬರೆಯುವವರು ಬೇಕು. ಐಟಿಐ, ಡಿಪ್ಲೊಮ, ಬಿಎಸ್ಸಿ ಕೆಮಿಸ್ಟ್ರಿ ಓದಿದವರಿಗೆ ಅದು ಸಿಗುವ ಕೆಲಸ. ಕನ್ನಡದಲ್ಲಿ ಓದಿದ್ದೀನಿ, ಇಲ್ಲಿ ತಮಿಳು ಕೇಳ್ತಾರೆ, ಅಲ್ಲಿ ಇಂಗ್ಲಿಷ್ ಕೇಳ್ತಾರೆ ಅಂತ ಹೆದರಬೇಡಿ. ನಾನು ಆಂಪಿಯರ್, ಆನೋಡ್ ಅನ್ನುವುದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಕಲಿತವನು. ಸಂಘದ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾನಿರುತ್ತೇನೆ, ಬನ್ನಿ.

ಆ ಇಬ್ಬರು ಹುಡುಗರಿಗೂ ಒಂದು ಕೆಲಸ ಕೊಟ್ಟಿದ್ದೀನಿ. ಹಳೆ ಫೋನು, ಬೋರ್ಡು ಸೇರಿಸುವ ಒಂದು ಪೆಟ್ಟಿಗೆಯನ್ನು ಸಂಘದ ಕೋಣೆಯಲ್ಲಿ ಇಡುವುದು. ಒಡೆಯುವ ಹಾಗಿಲ್ಲ, ಸುಡುವ ಹಾಗಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಆಗಿರುವ ಮರುಬಳಕೆ ಘಟಕದವರಿಗೇ ಅದನ್ನು ಕೊಡಬೇಕು. ತೂಕ ಸೇರಿದ ಮೇಲೆ ದರ ಕೇಳಿ ಮಾರಿ, ಬಂದ ದುಡ್ಡಿಗೆ ರಸೀತಿ ಇಟ್ಟು ಸಂಘದ ಪುಸ್ತಕದಲ್ಲಿ ಬರೆಯೋಣ. ಕೆರೆ ಹಿಂದಿನ ಒಲೆಗಿಂತ ಇದರಲ್ಲಿ ಬರುವುದು ಕಡಿಮೆ ಅಂತ ಅವರಿಗೆ ಇನ್ನೂ ಅನುಮಾನ ಇದೆ. ವರ್ಷ ಕಳೆಯಲಿ, ಮುಂದಿನ ವಾರ್ಷಿಕೋತ್ಸವದಲ್ಲಿ ಅವರೇ ಲೆಕ್ಕ ಓದಲಿ.

ಕೊನೆಗೊಂದು ಮಾತು. ನಮ್ಮ ಕನ್ನಡದಲ್ಲಿ ‘ಜಲಗಾರ’ ಅಂತ ಒಂದು ಪದ ಇದೆ. ಕುವೆಂಪು ಅವರ ನಾಟಕದ ಹೆಸರಾಗಿ ನೀವು ಕೇಳಿರಬಹುದು, ಅಲ್ಲಿ ಅದಕ್ಕೆ ಬೀದಿ ಗುಡಿಸುವವನು ಅಂತ ಅರ್ಥ. ಆದರೆ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಅಕ್ಕಸಾಲಿಯ ಅಂಗಡಿಯ ಕಸವನ್ನು, ಹೊಳೆಯ ಮರಳನ್ನು ನೀರಲ್ಲಿ ತೊಳೆದು ಚಿನ್ನದ ಕಣ ತೆಗೆಯುವವನಿಗೂ ಜಲಗಾರ ಅಂತಲೇ ಕರೆಯುತ್ತಿದ್ದರು. ಗುಡಿಸುವವನಿಗೂ ಚಿನ್ನ ತೆಗೆಯುವವನಿಗೂ ಒಂದೇ ಹೆಸರು. ನಮಗೆ ಮೊದಲನೇ ಅರ್ಥವನ್ನಷ್ಟೇ ಉಳಿಸಿಕೊಟ್ಟಿದ್ದಾರೆ. ಎರಡನೆಯದನ್ನು ಓದಿ ಪಡೆಯಬೇಕು.

ಮಾತು ಉದ್ದವಾಯಿತು, ಊಟ ಆರುತ್ತಿದೆ. ಈ ಪೆನ್ಸಿಲನ್ನು ಮಕ್ಕಳಿಗೆ ಕೊಡ್ತೀನಿ, ಕೈಯಿಂದ ಕೈಗೆ ದಾಟಿಸಿ ನೋಡಿ. ಕೆಂಪಗಿರುವ ತುದಿ ಮುಟ್ಟಿದ ಮೇಲೆ ಕೈ ತೊಳೆದುಕೊಂಡೇ ಊಟಕ್ಕೆ ಕೂರಬೇಕು.

ಜೈ ಭೀಮ್.